ಗೌರಿಬಿದನೂರಿನ ಸಮೀಕ್ಷೆ ಮತ್ತು ರೇಡಿಯೊ ಗೆಲಾಕ್ಸಿಗಳು

1953ರಲ್ಲಿ ಜೆನ್ನಿಸನ್ ಮತ್ತು ದಾಸ್‌ಗುಪ್ತ ಅವರು ಸಿಗ್ನಸ್-ಎ ರೇಡಿಯೊ ಆಕರವು ಎರಡು ಹಾಲೆಗಳಿಂದ ಕೂಡಿದೆಯೆಂದು ತೋರಿಸಿದರು. ಗೆಲಾಕ್ಸಿಯ ಕೇಂದ್ರದಲ್ಲಿರುವ ಕೃಷ್ಣವಿವರದ ಬಳಿಯಿಂದ ಚಿಮ್ಮುವ ಧಾರೆಗಳೇ ಲಕ್ಷಾಂತರ ಜ್ಯೋತಿರ್ವರ್ಷ ವ್ಯಾಪಿಸುವ ಇಂಥ ಹಾಲೆಗಳನ್ನು ಪೋಷಿಸುತ್ತವೆಂಬುದು ಮುಂದೆ ಸ್ಥಿರಪಟ್ಟಿತು. ಹಾಲೆಗಳಲ್ಲಿನ ಅಧಿಕ ಶಕ್ತಿಯ ಇಲೆಕ್ಟ್ರಾನುಗಳು ಬೇಗನೆ ಕುಂದುವುದರಿಂದ, ಧಾರೆ ನಿಂತ ಮೇಲೆ ಹಳೆಯ ಹಾಲೆಗಳು ದೀರ್ಘ ತರಂಗಗಳಲ್ಲಿಯೇ ಹೆಚ್ಚು ಕಾಲ ಗೋಚರಿಸುತ್ತವೆ. ಗೌರಿಬಿದನೂರಿನ ಮಹತ್ವವಿರುವುದು ಇಲ್ಲಿಯೇ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಆ ಊರಿನ ಬಳಿ ಜಂಟಿಯಾಗಿ ಸ್ಥಾಪಿಸಿದ, ಸಾವಿರ ದ್ವಿಧ್ರುವಗಳ ರೇಡಿಯೊ ದೂರದರ್ಶಕದಿಂದ 34.5 ಮೆಗಾಹರ್ಟ್ಸ್‌ನಲ್ಲಿ ನಡೆದ ಆಕಾಶ ಸಮೀಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧ ಡಿಗ್ರಿಯಷ್ಟಿದ್ದ ಅದರ ಪೃಥಕ್ಕರಣ ಸಾಮರ್ಥ್ಯಕ್ಕೆ ಧಾರೆಗಳ ಆಕೃತಿ ನಿಲುಕಲಿಲ್ಲ. ಆದರೂ ಇಂಥ ಕೆಳ ಆವರ್ತನದ ತೀವ್ರತೆಯ ಅಳತೆಗಳಿಲ್ಲದೆ ಹಾಲೆಗಳ ವಯಸ್ಸಿನ ನಿರ್ಣಯ ಪೂರ್ಣವಾಗದು.