ಒಂದು ಎಂಜಿನ್‌ಗೆ ಎರಡು ಹೊಗೆಕೊಳವೆ ಏಕೆ?

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿ ತಯಾರಾದ 250 ಸಿಸಿಯ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರು ಅವುಗಳ ಒಂದು ಗುರುತನ್ನು ಇನ್ನೂ ಮರೆತಿಲ್ಲ. ಅದು ಎರಡೂ ಪಕ್ಕಗಳಲ್ಲಿ ಹಿಂಬದಿಯವರೆಗೆ ಚಾಚಿಕೊಂಡಿದ್ದ ಜೋಡಿ ಸೈಲೆನ್ಸರ್. ಎಂಜಿನ್‌ಗೆ ಇದ್ದುದು ಒಂದೇ ಸಿಲಿಂಡರ್. ಹೊಗೆ ಹೋಗಲು ಮಾತ್ರ ಎರಡು ದಾರಿ!

ಒಂದು ಸಿಲಿಂಡರಿನ ಬೈಕಿಗೇ ಎರಡು ಕೊಳವೆಗಳಾದರೆ ಎಂಟು ಸಿಲಿಂಡರಿನ ಕಾರಿಗೆ ಎಷ್ಟು ಬೇಕು? ಆ ಕೊಳವೆಗಳು ನಡುವೆ ಎಲ್ಲಾದರೂ ಕೂಡಬೇಕೇ, ಬೇಡವೇ? ಕೇಳಲು ಇದು ಮೆಕ್ಯಾನಿಕ್‌ಗಳ ಗ್ಯಾರೇಜಿನ ಮಾತು ಎನಿಸಬಹುದು. ಆದರೆ ಅಮೆರಿಕದಲ್ಲಿ ಈ ಪ್ರಶ್ನೆಗೆ ಒಂದು ಇತಿಹಾಸವೇ ಇದೆ. ಎಂಜಿನ್‌ನಿಂದ ಹೊರಟ ಹೊಗೆ ಸೈಲೆನ್ಸರ್ ಸೇರುವ ಮುನ್ನ ಹಾದುಹೋಗುವ ನಡುಗೊಳವೆಯನ್ನು ಅಲ್ಲಿ ‘ಮಿಡ್‌ಪೈಪ್’ ಎನ್ನುತ್ತಾರೆ. ಕಾರಿನ ಹೊಟ್ಟೆಯ ಕೆಳಗೆ ಯಾರ ಕಣ್ಣಿಗೂ ಬೀಳದೆ ಇರುವ ಈ ಕೊಳವೆ ಶಕ್ತಿ, ಸದ್ದು, ಗಾಳಿ ಈ ಮೂರರ ಜಗಳಕ್ಕೂ ಸಾಕ್ಷಿಯಾಗಿದೆ.

ಮೊದಲು ಬಂದದ್ದು ಸದ್ದಿನ ಜಗಳ. ಎಂಜಿನ್‌ನ ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಪ್ರತಿ ಸಿಲಿಂಡರಿನಲ್ಲಿ ಇಂಧನ ಸಿಡಿದಾಗಲೂ ಒಂದೊಂದು ಒತ್ತಡದ ಅಲೆ ಕೊಳವೆಗೆ ನುಗ್ಗುತ್ತದೆ. ಅದನ್ನು ಹಾಗೇ ಬಿಟ್ಟರೆ ಬಂದೂಕಿನ ಸದ್ದು. ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸೋದರರು 1897ರಲ್ಲೇ ಎಂಜಿನ್‌ನ ಸದ್ದಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಮೆಷಿನ್‌ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್‌ನ ಮಗ, ಸ್ವತಃ ಮೋಟಾರು ಎಂಜಿನಿಯರ್ ಆಗಿದ್ದ ಹೈರಮ್ ಪರ್ಸಿ ಮ್ಯಾಕ್ಸಿಮ್, ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದದ್ದು 1909ರಲ್ಲಿ. ಅವನ ಕಂಪನಿ ಮುಂದೆ ಎಂಜಿನ್‌ಗಳ ಸೈಲೆನ್ಸರ್‌ಗಳನ್ನೂ ತಯಾರಿಸಿತು. ಅಪ್ಪ ಸದ್ದು ಮಾಡುವ ಯಂತ್ರ ಕೊಟ್ಟರೆ ಮಗ ಸದ್ದಡಗಿಸುವ ಯಂತ್ರ ಕೊಟ್ಟ!

ಆದರೆ ಸೈಲೆನ್ಸರ್ ಹೊಗೆಯ ಓಟಕ್ಕೆ ಅಡ್ಡಿಯನ್ನೂ ಉಂಟುಮಾಡುತ್ತದೆ. ಹೊಗೆಯನ್ನು ಹೊರದೂಡಲು ಎಂಜಿನ್ ತನ್ನ ಶಕ್ತಿಯ ಒಂದು ಪಾಲನ್ನು ವ್ಯಯಿಸಬೇಕು. ಹೀಗಾಗಿ ಆ ಕಾಲದ ಅನೇಕ ಕಾರುಗಳಲ್ಲಿ ‘ಕಟೌಟ್’ ಎಂಬ ಬಾಗಿಲು ಇರುತ್ತಿತ್ತು. ಕಾಲಿನಿಂದ ಒತ್ತಿದರೆ ಹೊಗೆ ಸೈಲೆನ್ಸರ್ ತಪ್ಪಿಸಿ ನೇರವಾಗಿ ಹೊರಬೀಳುತ್ತಿತ್ತು. ದಿಬ್ಬ ಹತ್ತಲು ಇದ್ದ ಈ ಸೌಲಭ್ಯವನ್ನು ಚಾಲಕರು ಊರೊಳಗೂ ಬಳಸತೊಡಗಿದಾಗ ಅನೇಕ ನಗರಗಳು ಅದನ್ನು ನಿಷೇಧಿಸಿದವು. ಕಾರಿನ ಒಡೆಯನ ಸುಖಕ್ಕೂ ಬೀದಿಯ ನೆಮ್ಮದಿಗೂ ನಡುವಿನ ಈ ಜಗ್ಗಾಟ ಅಂದಿನಿಂದಲೂ ನಿಂತಿಲ್ಲ.

ಎರಡು ಕೊಳವೆಗಳ ಕಥೆ ಶುರುವಾಗುವುದು ವಿ-8 ಎಂಜಿನ್‌ನಿಂದ. ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲು ಇಂಗ್ಲಿಷಿನ ‘ವಿ’ ಅಕ್ಷರದಂತೆ ಓರೆಯಾಗಿ ನಿಂತಿರುವ ಎಂಜಿನ್ ಇದು. ಹೆನ್ರಿ ಫೋರ್ಡ್ 1932ರಲ್ಲಿ 65 ಅಶ್ವಶಕ್ತಿಯ ವಿ-8 ಕಾರನ್ನು ಜನಸಾಮಾನ್ಯರ ಬೆಲೆಗೆ ತಂದ. ಖರ್ಚು ಉಳಿಸಲು ಎರಡೂ ಸಾಲುಗಳ ಹೊಗೆಯನ್ನು ಒಂದೇ ಕೊಳವೆಗೆ ಸೇರಿಸಲಾಗಿತ್ತು. ಎರಡು ಬೀದಿಗಳ ಜನ ಒಂದೇ ಓಣಿಗೆ ನುಗ್ಗಿದಂತೆ. ವೇಗದ ಹುಚ್ಚು ಹಿಡಿದ ಕ್ಯಾಲಿಫೋರ್ನಿಯಾದ ಯುವಕರು ಈ ಹಳೆಯ ಫೋರ್ಡ್‌ಗಳನ್ನು ಕೊಂಡು, ಬಿಚ್ಚಿ, ಪ್ರತಿ ಸಾಲಿಗೂ ಪ್ರತ್ಯೇಕ ಕೊಳವೆ ಜೋಡಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ‘ಹಾಟ್ ರಾಡ್’ ಎಂದು ಹೆಸರಾದ ಇಂಥ ಕಾರುಗಳ ಹವ್ಯಾಸ ಎರಡನೇ ಮಹಾಯುದ್ಧದ ನಂತರ ದೇಶದಾದ್ಯಂತ ಹರಡಿತು.

ಕಾರ್ಖಾನೆಗಳೂ ಇದನ್ನು ಕಂಡು ಸುಮ್ಮನಿರಲಿಲ್ಲ. 1955ರ ಷೆವರ್ಲೆ ವಿ-8 ಎಂಜಿನ್‌ನ ಸಾಮಾನ್ಯ ಶಕ್ತಿ 162 ಅಶ್ವಶಕ್ತಿ. ಹೆಚ್ಚು ಹಣ ತೆತ್ತವರಿಗೆ ದೊಡ್ಡ ಕಾರ್ಬೊರೇಟರ್ ಜೊತೆ ಜೋಡಿ ಹೊಗೆಕೊಳವೆ ಸಿಗುತ್ತಿತ್ತು; ಆಗ ಶಕ್ತಿ 180. ಕಾರಿನ ಹಿಂದೆ ಕಾಣುವ ಎರಡು ತೂತುಗಳು ಅಂದಿನಿಂದ ಅಂತಸ್ತಿನ ಗುರುತಾದವು.

ಇಲ್ಲಿ ಒಂದು ಸೋಜಿಗವಿದೆ. ಎರಡು ಸಾಲುಗಳಿಗೆ ಪೂರ್ತಿ ಪ್ರತ್ಯೇಕವಾದ ಎರಡು ಕೊಳವೆ ಹಾಕಿದರೆ ಎಲ್ಲವೂ ಸರಿಹೋಗಬೇಕಲ್ಲವೇ? ಹೋಗಲಿಲ್ಲ. ಅದಕ್ಕೆ ಕಾರಣ 1923ರಷ್ಟು ಹಿಂದಿನದು. ವಿ-8 ಎಂಜಿನ್‌ನ ನಡುಕ ತಗ್ಗಿಸಲು ಆ ವರ್ಷ ಕ್ಯಾಡಿಲ್ಯಾಕ್ ಕಂಪನಿ ಕ್ರ್ಯಾಂಕ್‌ಶಾಫ್ಟಿನ ಆಕಾರವನ್ನೇ ಬದಲಿಸಿತು. ತುದಿಯಿಂದ ನೋಡಿದರೆ ಅಡ್ಡ-ಉದ್ದದ ಶಿಲುಬೆಯಂತೆ ಕಾಣುವ ಈ ಹೊಸ ಶಾಫ್ಟ್‌ನಿಂದ ಕೂತವರಿಗೆ ಸುಖ ಸಿಕ್ಕಿತು. ಆದರೆ ಸಿಲಿಂಡರುಗಳು ಎಡ-ಬಲ-ಎಡ-ಬಲ ಎಂದು ಸರದಿಯಂತೆ ಸಿಡಿಯುವುದು ತಪ್ಪಿಹೋಯಿತು. ಇಡೀ ಎಂಜಿನ್ ಲೆಕ್ಕದಲ್ಲಿ ಪ್ರತಿ 90 ಡಿಗ್ರಿಗೊಂದು ಸಿಡಿತವೇನೋ ಸರಿ. ಒಂದೊಂದೇ ಸಾಲನ್ನು ನೋಡಿದರೆ ಅಂತರ 90, 180, 270 ಎಂದು ಏರುಪೇರಾಗುತ್ತದೆ. ಒಮ್ಮೆ ಒಂದರ ಬೆನ್ನಿಗೆ ಇನ್ನೊಂದು ಅಲೆ, ಮತ್ತೊಮ್ಮೆ ಉದ್ದನೆಯ ಬಿಡುವು. ಅಮೆರಿಕನ್ ಕಾರುಗಳ ‘ಗುಡುಗುಡು’ ಹುಟ್ಟುವುದು ಈ ತಾಳ ತಪ್ಪಿದ ಬಡಿತದಿಂದಲೇ.

ಈ ಏರುಪೇರನ್ನು ತಣಿಸುವುದೇ ಮಿಡ್‌ಪೈಪಿನ ಕೆಲಸ. ಎರಡು ಕೊಳವೆಗಳ ನಡುವೆ ಸೇತುವೆಯಂತೆ ಒಂದು ಅಡ್ಡಕೊಳವೆ ಬೆಸೆದರೆ ಅದು ‘ಎಚ್’ ಆಕಾರ. ಒಂದು ಕಡೆ ಒತ್ತಡ ಹೆಚ್ಚಾದಾಗ ಅದು ಇನ್ನೊಂದು ಕಡೆಗೆ ಹಂಚಿಹೋಗುತ್ತದೆ. ಸದ್ದು ತಗ್ಗಿ, ಗಂಭೀರವಾಗುತ್ತದೆ. ಎರಡೂ ಕೊಳವೆಗಳು ಒಂದೆಡೆ ಕೂಡಿ ಮತ್ತೆ ಬೇರೆಯಾಗುವಂತೆ ಮಾಡಿದರೆ ಅದು ‘ಎಕ್ಸ್’ ಆಕಾರ. ಇದರಲ್ಲಿ ಹೊಗೆಯ ಓಟ ಇನ್ನಷ್ಟು ಸರಾಗ. ಸದ್ದು ಮಾತ್ರ ಕೊಂಚ ಏರುದನಿ. 1990ರ ದಶಕದಲ್ಲಿ ಅಮೆರಿಕದ ಸ್ಟಾಕ್ ಕಾರ್ ಪಂದ್ಯಗಳು ಎಕ್ಸ್ ಆಕಾರವನ್ನು ಜನಪ್ರಿಯಗೊಳಿಸಿದವು. ಎರಡರ ನಡುವಿನ ಶಕ್ತಿಯ ವ್ಯತ್ಯಾಸ ಪಂದ್ಯದಲ್ಲಿ ಮುಖ್ಯವಿರಬಹುದು; ಊರಿನ ರಸ್ತೆಯಲ್ಲಿ ಆಯ್ಕೆ ಬಹುಪಾಲು ಕಿವಿಗೆ ಬಿಟ್ಟದ್ದು.

ಅಷ್ಟರಲ್ಲಿ ಮೂರನೆಯ ಪ್ರಶ್ನೆ ಎದುರಾಗಿತ್ತು. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಹೊಗೆಮಂಜು ಕವಿಯಿತು. ಕಾರಣ ಹುಡುಕಲು ವರ್ಷಗಳೇ ಬೇಕಾದವು. ವಾಹನಗಳೂ ತೈಲ ಸಂಸ್ಕರಣಾಗಾರಗಳೂ ಉಗುಳಿದ ಅನಿಲಗಳು ಬಿಸಿಲಿಗೆ ಬೆಂದು ಓಜೋನ್ ಆಗುತ್ತಿವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಆರಿ ಹಾಗನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ. 1970ರಲ್ಲಿ ಬಿಗಿಯಾದ ಶುದ್ಧ ಗಾಳಿ ಕಾನೂನು ಬಂತು. 1975ರ ಮಾದರಿಗಳಿಂದ ಹೆಚ್ಚಿನ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿತು. ಪ್ಲಾಟಿನಂನಂಥ ಲೋಹಗಳ ಲೇಪವಿರುವ ಈ ಡಬ್ಬಿಯೊಳಗೆ ವಿಷಾನಿಲಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಬದಲಾಗುತ್ತವೆ. ಇದು ಕೂತದ್ದು ಅದೇ ನಡುಗೊಳವೆಯಲ್ಲಿ.

ಡಬ್ಬಿ ದುಬಾರಿ. ಹೀಗಾಗಿ ಎರಡರ ಬದಲು ಒಂದನ್ನೇ ಹಾಕಿ, ಎರಡು ಕೊಳವೆಗಳನ್ನೂ ಅದಕ್ಕೆ ತಂದು ಕೂಡಿಸಲಾಯಿತು. 1975ರ ಕಾರ್ವೆಟ್ ಕಾರಿನ ಹಿಂದೆ ಎರಡು ತೂತುಗಳು ಕಾಣುತ್ತಿದ್ದುದು ನಿಜ. ಆದರೆ ಕೆಳಗೆ ಇಣುಕಿದರೆ ಹೊಗೆಯೆಲ್ಲ ಒಂದೇ ಡಬ್ಬಿಯ ಮೂಲಕ ಹಾದು, ಮತ್ತೆ ತೋರಿಕೆಗೆ ಇಬ್ಭಾಗವಾಗುತ್ತಿತ್ತು. ಸಾಮಾನ್ಯ ಮಾದರಿಯ ಶಕ್ತಿ 165 ಅಶ್ವಶಕ್ತಿಗೆ ಇಳಿದಿತ್ತು.

ಕಾರುಪ್ರಿಯರ ಸಿಟ್ಟೆಲ್ಲ ಕನ್ವರ್ಟರ್ ಮೇಲೆ ತಿರುಗಿತು. ಅನೇಕರು ಅದನ್ನು ಕತ್ತರಿಸಿ ತೆಗೆದು ಬರೀ ಕೊಳವೆ ಬೆಸೆಸಿಕೊಂಡರು. ಆದರೆ ತಪ್ಪೆಲ್ಲ ಅದರದ್ದಾಗಿರಲಿಲ್ಲ. ಕಡಿಮೆ ಸೀಸದ ಪೆಟ್ರೋಲಿಗೆ ಹೊಂದಲೆಂದು 1971ರಲ್ಲೇ ಕಂಪನಿ ಎಂಜಿನ್‌ಗಳ ಒತ್ತಡದ ಪ್ರಮಾಣವನ್ನು ತಗ್ಗಿಸಿತ್ತು. ಸಾಲದ್ದಕ್ಕೆ, 1972ರಿಂದ ಅಶ್ವಶಕ್ತಿಯನ್ನು ಅಳೆಯುವ ಕ್ರಮವೇ ಬದಲಾಯಿತು. ಅದಕ್ಕೆ ಮೊದಲು ಸೈಲೆನ್ಸರ್ ಮೊದಲಾದ ಹೊರೆಗಳಿಲ್ಲದ ಬರಿ ಎಂಜಿನ್ ಅಳೆಯುತ್ತಿದ್ದರು. ಆಮೇಲೆ ಅವನ್ನೆಲ್ಲ ಜೋಡಿಸಿ ಅಳೆಯತೊಡಗಿದರು. ಕಾಗದದ ಮೇಲಿನ ಇಳಿಕೆಯಲ್ಲಿ ಒಂದು ಪಾಲು ಬರೀ ಲೆಕ್ಕದ್ದು.

ಕಾಲವೇ ಇದಕ್ಕೆ ಉತ್ತರ ಕೊಟ್ಟಿತು. 1986ರಲ್ಲಿ ಫೋರ್ಡ್ ಮಸ್ಟಾಂಗ್‌ನ ವಿ-8 ಮಾದರಿಗೆ ನಿಜವಾದ ಜೋಡಿ ಕೊಳವೆ ಮರಳಿ ಬಂತು. ನಡುವೆ ‘ಎಚ್’ ಸೇತುವೆ, ಎರಡೂ ಕಡೆ ಕನ್ವರ್ಟರ್‌ಗಳು. ಮರುವರ್ಷ ಅದರ ಶಕ್ತಿ 225 ಅಶ್ವಶಕ್ತಿ. ಶುದ್ಧ ಹೊಗೆಗೂ ಶಕ್ತಿಗೂ ಹಗೆತನ ಇರಲೇಬೇಕಿಲ್ಲ ಎಂದು ಎಂಜಿನಿಯರುಗಳು ತೋರಿಸಿದ್ದರು. ಕನ್ವರ್ಟರ್ ತೆಗೆಯುವುದನ್ನು ವಾಹನದ ಮಾಲೀಕರಿಗೂ ನಿಷೇಧಿಸುವ ತಿದ್ದುಪಡಿ 1990ರಲ್ಲಿ ಬಂತು. ‘ಎಚ್’ ಬೇಕೋ ‘ಎಕ್ಸ್’ ಬೇಕೋ ಎಂಬುದು ಮಾಲೀಕನ ಇಷ್ಟ. ನಡುವಿನ ಡಬ್ಬಿ ಮಾತ್ರ ಅವನೊಬ್ಬನ ಸ್ವತ್ತಲ್ಲ ಎಂಬುದು ಅದರ ಅರ್ಥ.

ಭಾರತದಲ್ಲಿ ಈ ಡಬ್ಬಿ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ. ಜೊತೆಗೇ ಸೀಸರಹಿತ ಪೆಟ್ರೋಲ್ ಬಂತು. 2000ದಲ್ಲಿ ಅದು ದೇಶಕ್ಕೆಲ್ಲ ವ್ಯಾಪಿಸಿತು. ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೂ ನಮ್ಮ ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಕೆಳಗೆ ಹಾಕಿಸುವ ಸುದ್ದಿ ಆಗಾಗ ಬರುತ್ತಲೇ ಇದೆ.

ನೂರು ವರ್ಷಗಳ ಹಿಂದೆ ಕಟೌಟ್ ಒತ್ತಿದ ಚಾಲಕನಿಗೂ ಇವತ್ತು ಸೈಲೆನ್ಸರ್ ಬದಲಿಸಿದ ತರುಣನಿಗೂ ಆಸೆ ಒಂದೇ. ತನ್ನ ಗಾಡಿಯ ದನಿ ಊರಿಗೆ ಕೇಳಬೇಕು. ಕೊಳವೆ ಕೊಳ್ಳುವವನು ಅವನೊಬ್ಬನೇ ಹೌದು. ಆದರೆ ಅದರ ಸದ್ದು ಕೇಳುವವರು, ಅದರ ಹೊಗೆ ಕುಡಿಯುವವರು ಬೀದಿಯ ಎರಡೂ ಬದಿಯ ಮನೆಗಳವರು. ಆಯ್ಕೆ ಮಾಡುವಾಗ ಅವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಈ ಇತಿಹಾಸ ಹೇಳುವ ಮಾತು.