ಬೆಳ್ಳಿಯ ಗೊಂಚಲು, ಬೆಳಕಿನ ಚೌಕಟ್ಟು: ಏನಿದು ನ್ಯಾನೋಕ್ಲಸ್ಟರ್?

ವಾಸ್ಕೋ: ಚೌತಿ ಬಂತೆಂದರೆ ಗೋವಾದ ಮನೆಗಳಲ್ಲಿ ಗಣಪತಿಯ ಮೇಲ್ಗಡೆ ಮಾಟೊಳಿ ಕಟ್ಟುತ್ತಾರೆ. ಗಡಿ ದಾಟಿ ಕಾರವಾರದ ಕಡೆ ಬಂದರೆ ಅದಕ್ಕೇ ಫಲಾವಳಿ ಎಂಬ ಹೆಸರು. ಮರದ ಚೌಕಟ್ಟು, ಅದಕ್ಕೆ ಅಂತರ ಬಿಟ್ಟು ಕಟ್ಟಿದ ಕಾಯಿ, ಹಣ್ಣು, ಗೊಂಚಲು. ರಸಾಯನ ವಿಜ್ಞಾನಿಗಳು ಇಂಥದ್ದೇ ಮಾಟೊಳಿಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ, ಬೆಳ್ಳಿಯ ಗೊಂಚಲುಗಳಿಂದ ಕಟ್ಟುತ್ತಿದ್ದಾರೆ. ವಿಶೇಷವೆಂದರೆ ಅದು ಬೆಳಗುತ್ತದೆ.

ಗೊಂಚಲು ಎಂದರೆ

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಕೆಲವೇ ಲೋಹದ ಪರಮಾಣುಗಳು ಸೇರಿ ಸುಮಾರು ಎರಡು ನ್ಯಾನೋಮೀಟರಿಗಿಂತ ಚಿಕ್ಕ ಉಂಡೆಯಾದರೆ ಅದೇ ನ್ಯಾನೋಕ್ಲಸ್ಟರ್. ಕಾಲ್ಗೆಜ್ಜೆಯ ಬೆಳ್ಳಿಯಲ್ಲಿ ಇಲೆಕ್ಟ್ರಾನುಗಳು ಬಯಲಿನಲ್ಲಿ ಓಡಾಡಿದಂತೆ ಓಡಾಡುತ್ತವೆ. ಪುಟ್ಟ ಗೊಂಚಲಿನಲ್ಲಿ ಹಾಗಲ್ಲ, ಅವು ಮೆಟ್ಟಿಲು ಹತ್ತಿ ಇಳಿಯಬೇಕು. ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಇಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಏರುತ್ತದೆ, ಇಳಿಯುವಾಗ ಬೆಳಕು ಬಿಡುತ್ತದೆ.

ಚೌಕಟ್ಟು ಯಾಕೆ ಬೇಕು?

ಬಿಡಿ ಗೊಂಚಲಿಗೆ ಎರಡು ದೋಷ: ಬೇಗ ಕೆಡುತ್ತದೆ, ಬೆಳಕೂ ಮಂದ. ಅದರ ಸುತ್ತಲಿನ ಅಣುಗಳು ಅಲುಗಾಡುತ್ತಿದ್ದರೆ ಪಡೆದ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಗೊಂಚಲುಗಳ ನಡುವೆ ಸೇತುವೆಯಂಥ ಅಣುಗಳನ್ನು ಹಾಕಿ ಬಿಗಿಯಾಗಿ ಕಟ್ಟಿದರೆ ಅಲುಗಾಟ ಕಡಿಮೆ, ಬೆಳಕು ಹೆಚ್ಚು. ಮಾಟೊಳಿಯಲ್ಲಿ ಕಾಯಿಯನ್ನು ಮರಕ್ಕೆ ಕಟ್ಟುತ್ತೇವೆ. ಇಲ್ಲಿ ಗೊಂಚಲೇ ಚೌಕಟ್ಟಿನ ಗಂಟು.

2017ರಲ್ಲಿ ಚೀನಾದ ಝೆಂಗ್‌ಝೌ ವಿಶ್ವವಿದ್ಯಾಲಯದ ತಂಡ ತಲಾ 12 ಬೆಳ್ಳಿ ಪರಮಾಣುಗಳ ಗೊಂಚಲುಗಳನ್ನು ಬೈಪಿರಿಡೀನ್ ಎಂಬ ಅಣುವಿನಿಂದ ಜೋಡಿಸಿತು. ಆ ಹರಳು ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಡದೆ ಉಳಿಯಿತು. ಹೀರಿದ ಪ್ರತಿ 100 ಬೆಳಕಿನ ಕಣಗಳಲ್ಲಿ ಸುಮಾರು 12ನ್ನು ಮರಳಿ ಕೊಟ್ಟಿತು. ಆಮ್ಲಜನಕ ತಾಗಿದರೆ ಒಂದು ಸೆಕೆಂಡಿನೊಳಗೆ ಬೆಳಕು ಆರುತ್ತದೆ. ಕೆಲವು ದ್ರಾವಕಗಳ ಆವಿ ತಾಗಿದರೆ ಬೇರೆ ಬಣ್ಣದಲ್ಲಿ ಹೊತ್ತಿಕೊಳ್ಳುತ್ತದೆ. ಅಂದರೆ ಇದು ಗಾಳಿಯನ್ನು ಮೂಸಿ ನೋಡುವ ದೀಪ.

ಲೋಹ ಮತ್ತು ಸಾವಯವ ಅಣುಗಳ ಇಂಥ ಪೊಳ್ಳು ಚೌಕಟ್ಟುಗಳಿಗೆ ದಾರಿ ಹಾಕಿದ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂದಿದೆ.

ನಮ್ಮಲ್ಲಿ

ತಿರುವನಂತಪುರದ ಐಸರ್ ಸಂಸ್ಥೆಯಲ್ಲಿ ಸುಖೇಂದು ಮಂಡಲ್ ಅವರ ತಂಡ ಬೆಳ್ಳಿ ಗೊಂಚಲಿನ ಚೌಕಟ್ಟುಗಳನ್ನೇ ಕಟ್ಟುತ್ತಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರು ಪೊಳ್ಳು ಚೌಕಟ್ಟುಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಲೋಹದ ಗೊಂಚಲುಗಳಲ್ಲಿ ಹೆಸರಾಂತರು, 2020ರಲ್ಲಿ ಪದ್ಮಶ್ರೀ ಪಡೆದವರು. ಅವರು ಪಿಎಚ್.ಡಿ. ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನ್ಯಾನೋ ಕಣಗಳಿಂದ ನೀರಿನಲ್ಲಿನ ಕೀಟನಾಶಕ ತೆಗೆಯುವ ಅವರ ವಿಧಾನ 2007ರಲ್ಲಿ ಮಾರುಕಟ್ಟೆಗೂ ಬಂದಿತ್ತು.

ನಮಗೇನು ಲಾಭ?

ಮೀನು ತಿನ್ನುವ ನಾಡಿಗೆ ಪಾದರಸದ ಭಯ ಸಣ್ಣದಲ್ಲ. ಸಿಂಗಪುರದ ಸಂಶೋಧಕರು 2009ರಲ್ಲಿ 25 ಚಿನ್ನದ ಪರಮಾಣುಗಳ ಗೊಂಚಲನ್ನು ಪ್ರೋಟೀನಿನೊಳಗೆ ಬೆಳೆಸಿದರು. ಅದು ಕೆಂಪಗೆ ಬೆಳಗುತ್ತದೆ. ಪಾದರಸ ಸೇರಿದರೆ ಬೆಳಕು ಆರುತ್ತದೆ ಎಂದು ಮರುವರ್ಷ ತೋರಿಸಿದರು. ಇದು ಚೌಕಟ್ಟಲ್ಲ, ಬಿಡಿ ಗೊಂಚಲು. ಆದರೂ ದಾರಿ ತಿಳಿಯುತ್ತದೆ: ಮುಂದೆ ಬಾವಿ ನೀರನ್ನೋ ಗಾಳಿಯನ್ನೋ ಊರಿನಲ್ಲೇ ಪರೀಕ್ಷಿಸುವ ಅಗ್ಗದ ಪಟ್ಟಿ ಬರಬಹುದು.

ಆದರೆ ಬೆಳ್ಳಿ ದುಬಾರಿ, ಹರಳುಗಳು ನಾಜೂಕು, ನೀರಿನಲ್ಲಿ ಉಳಿಯುವಂತೆ ಮಾಡುವುದು ಕಷ್ಟ. ಇವು ಇನ್ನೂ ಪ್ರಯೋಗಾಲಯದ ವಸ್ತುಗಳು. ಆದ್ದರಿಂದ ‘ನ್ಯಾನೋ’ ಎಂದು ಬರೆದ ಡಬ್ಬಿ ಹಿಡಿದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಒಡನೆ ನಂಬಬೇಡಿ. ಬಾವಿ ನೀರಿನ ಬಗ್ಗೆ ಅನುಮಾನವಿದ್ದರೆ ಇಂದಿಗೂ ಸರಕಾರಿ ಪ್ರಯೋಗಾಲಯದ ಪರೀಕ್ಷೆಯೇ ಸರಿ.

ಕೊನೆಗೊಂದು ಮಾತು. ಕನ್ನಡದ ಕುಟುಂಬಗಳು ಬಹಳಷ್ಟಿರುವ ಜುವಾರಿನಗರದಲ್ಲೇ 2004ರಿಂದ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ ಇದೆ. ತಾಳಗಾಂವ್ ಗುಡ್ಡದ ಮೇಲೆ ಗೋವಾ ವಿಶ್ವವಿದ್ಯಾಲಯವಿದೆ. ಎರಡೂ ಕಡೆ ರಸಾಯನಶಾಸ್ತ್ರ ಕಲಿಸುತ್ತಾರೆ. ಆ ಗೇಟಿನ ಹೊರಗೆ ಗಾರೆ ಕೆಲಸ ಮಾಡುವವರ ಮಕ್ಕಳು ಒಳಗೆ ಹೋಗಿ ಈ ಬೆಳಕಿನ ಮಾಟೊಳಿ ಕಟ್ಟುವಂತಾಗಲಿ.