ಕುದಿದ ನೀರು ಇಳಿಸಿಹೋದ ಚಿನ್ನ

ನ್ಯೂಜಿಲೆಂಡ್‌ನ ಉತ್ತರ ದ್ವೀಪದಲ್ಲಿ ಓಹಾಕಿ ಎಂಬ ಭೂಶಾಖ ಕ್ಷೇತ್ರವಿದೆ. ಅಲ್ಲಿನ ಬಿಸಿನೀರ ಕೊಳವೆಗಳಲ್ಲಿ ಒತ್ತಡ ನಿಯಂತ್ರಿಸಲು ಹಾಕಿದ್ದ ಉಕ್ಕಿನ ತಟ್ಟೆಗಳ ಮೇಲೆ ಹಕ್ಕಳೆ ಕಟ್ಟುತ್ತಿತ್ತು. ಕೆರೆದು ಪರೀಕ್ಷಿಸಿದರೆ ಅದರಲ್ಲಿ ಚಿನ್ನ, ಬೆಳ್ಳಿ! 1986ರಲ್ಲಿ ಈ ಸಂಗತಿ ಪ್ರಕಟವಾಯಿತು. ಅದಿರು ಹುಟ್ಟುವುದನ್ನು ಕಣ್ಣೆದುರೇ ಕಂಡ ಅಪರೂಪದ ಉದಾಹರಣೆಯಿದು.

ಇಂಥ ನೀರಿನಲ್ಲಿ ಚಿನ್ನ ಗಂಧಕದ ಜೊತೆ ಕೂಡಿಕೊಂಡು ಕರಗಿರುತ್ತದೆ. ಒತ್ತಡ ಇಳಿದು ನೀರು ಕುದಿದೊಡನೆ, ಗೋಲಿ ತಳ್ಳಿದ ಸೋಡಾದ ಹಾಗೆ, ಹೈಡ್ರೋಜನ್ ಸಲ್ಫೈಡ್ ಅನಿಲ ಹೊರನುಗ್ಗುತ್ತದೆ. ಆಸರೆ ತಪ್ಪಿದ ಚಿನ್ನ ಅಲ್ಲೇ ಕೂರುತ್ತದೆ.

ಹಳೆಯ ಅದಿರುಗಳಲ್ಲಿ ಇದು ನಡೆದದ್ದಕ್ಕೆ ಸಾಕ್ಷಿ ಬೇಕಲ್ಲ? ಗಂಧಕದ ಐಸೋಟೋಪುಗಳನ್ನು ಕೇಳಬೇಕು. ನಿಸರ್ಗದ ಗಂಧಕದಲ್ಲಿ ಸುಮಾರು ಶೇ. 95ರಷ್ಟು ಹಗುರವಾದ ಗಂಧಕ-32. ಭಾರದ ಗಂಧಕ-34 ಶೇ. 4ರ ಆಸುಪಾಸು. ಕುದಿಯುವಾಗ ದ್ರವ ಉತ್ಕರ್ಷಣಗೊಂಡರೆ ಭಾರದ ಪರಮಾಣುಗಳು ಸಲ್ಫೇಟಿನತ್ತ ಸರಿಯುತ್ತವೆ. ಉಳಿದ ಸಲ್ಫೈಡಿನಿಂದ ಬೆಳೆದ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಹರಳಿನ ಗಂಧಕ ಹಗುರವಾಗಿರುತ್ತದೆ. ಅರಿಜೋನಾದಲ್ಲಿ ಬಿದ್ದ ಕ್ಯಾನ್ಯನ್ ಡಯಾಬ್ಲೊ ಉಲ್ಕೆಯ ಗಂಧಕವನ್ನು ಈ ಹಗುರ-ಭಾರದ ಹೋಲಿಕೆಗೆ ವಿಜ್ಞಾನಿಗಳು ಮಾನದಂಡವಾಗಿ ಆರಿಸಿಕೊಂಡರು.

ಆದರೆ ಬ್ಯಾಕ್ಟೀರಿಯಾಗಳೂ ಹಗುರ ಗಂಧಕದ ಪೈರೈಟ್ ಉಂಟುಮಾಡಬಲ್ಲವು. ಹಾಗಾಗಿ ಬರೀ ಐಸೋಟೋಪಿನ ಅಂಕಿ ನೋಡಿ ಕುದಿತವನ್ನು ತೀರ್ಮಾನಿಸುವಂತಿಲ್ಲ. ಬಂಡೆಯ ಉಳಿದ ಗುರುತುಗಳೂ ತಾಳೆಯಾಗಬೇಕು.